ಜೇನ್ ಆಸ್ಟೆನ್ ಹಾಡಿನ ಪುಸ್ತಕ: ‘ಬರೀ ಕಾಪಿನಾ?’ ಅನ್ನೋರಿಗೆ

ನಾನು ಪಿಯಾನೋ ಕಲಿಸ್ತೀನಿ, ಬಿಡುವಾದಾಗ ಜೇನ್ ಆಸ್ಟೆನ್ ಬರೆದಿಟ್ಕೊಂಡಿದ್ದ ಹಾಡುಗಳನ್ನ ನುಡಿಸ್ತೀನಿ. ಇಷ್ಟು ಹೇಳಿದ ಕೂಡ್ಲೇ ಎದುರಿಗಿರೋರು, “ಕಾದಂಬರಿ ಬರೆದವಳಲ್ವಾ, ಹಾಡೂ ಬರೀತಿದ್ಲಾ?” ಅಂತಾರೆ. ಇಲ್ಲ, ಬೇರೆಯವರ ಹಾಡು, 18ನೇ ಶತಮಾನದ ಕೊನೇಲಿ ಇಂಗ್ಲೆಂಡಲ್ಲಿ ಮನೆಮನೇಲಿ ಓಡ್ತಿದ್ದ ಹಾಡುಗಳನ್ನ ಕೈಯಾರೆ ನಕಲು ಮಾಡಿಟ್ಕೊಂಡಿದ್ಲು ಅಂತೀನಿ. ಮುಖ ಇಳಿಯುತ್ತೆ. “ಓ, ಬರೀ ಕಾಪಿನಾ?”

ಹೌದ್ರೀ, ಕಾಪಿನೇ. ಬಾಯಲ್ಲಿ ಹೇಳಿ ಹೇಳಿ ಸಾಕಾಯ್ತು, ಇನ್ಮೇಲೆ ಕೇಳಿದೋರಿಗೆ ಇದರ ಲಿಂಕ್ ಕಳಿಸಿ ಸುಮ್ಮನಾಗ್ತೀನಿ.

ಅಚ್ಚಾದ ಮ್ಯೂಸಿಕ್ ಆಗ ದುಬಾರಿ. ಅವಳಪ್ಪ ಹ್ಯಾಂಪ್‌ಶೈರ್‌ನ ಸ್ಟೀವನ್‌ಟನ್ ಅನ್ನೋ ಹಳ್ಳೀಲಿ ಪಾದ್ರಿ, ಎಂಟು ಮಕ್ಕಳು, ಸಾಲದ್ದಕ್ಕೆ ಮನೇಲೇ ಉಳ್ಕೊಂಡು ಪಾಠ ಕಲೀತಿದ್ದ ಹುಡುಗ್ರು ಬೇರೆ. ಯಾರ ಹತ್ರನೋ ಇದ್ದ ಹಾಡನ್ನ ಎರವಲು ತಂದು ಬರ್ಕೊಳ್ಳೋದು ಆಗಿನ ಹೆಣ್ಮಕ್ಳು ಮಾಡ್ತಿದ್ದ ಕೆಲಸ. ಆ ಕುಟುಂಬದ ಹಾಡಿನ ಪುಸ್ತಕಗಳು 18 ಸಂಪುಟ ಉಳಿದಿವೆ, ಸೌತಾಂಪ್ಟನ್ ಯೂನಿವರ್ಸಿಟಿಯವರು ಸ್ಕ್ಯಾನ್ ಮಾಡಿ ನೆಟ್ಟಿಗೆ ಹಾಕಿದಾರೆ, ಕೆಲವು ಅಚ್ಚಿನವು, ಕೆಲವು ಬೇರೆಯವರ ಕೈಬರಹ, ಕೆಲವು ಜೇನ್ ಕೈಯವು. ಅತ್ತೆ ಬರೆದಿದ್ದನ್ನ ಅಚ್ಚಿನಷ್ಟೇ ಸಲೀಸಾಗಿ ಓದ್ಬೋದಿತ್ತು ಅಂತ ಅವಳ ಅಣ್ಣನ ಮಗಳು ಕ್ಯಾರೋಲಿನ್ ಎಷ್ಟೋ ವರ್ಷ ಆದ್ಮೇಲೆ ನೆನೆಸ್ಕೊಂಡಿದಾಳೆ. 1801ರಲ್ಲಿ ಅಪ್ಪ ಊರು ಬಿಟ್ಟು ಬಾತ್ ಅನ್ನೋ ಪಟ್ಟಣಕ್ಕೆ ಹೊರಟಾಗ ಮನೆ ಸಾಮಾನೆಲ್ಲ ಮಾರಿದ್ರು, ಅವಳ ಪಿಯಾನೋಗೆ ಸಿಕ್ಕಿದ್ದು 8 ಗಿನಿ (ಆಗಿನ ಇಂಗ್ಲೆಂಡಿನ ಚಿನ್ನದ ನಾಣ್ಯ). ಮೂರು ಹಸುಗೆ 61½! ಇದನ್ನ ಅವಳೇ ಅಕ್ಕನಿಗೆ ಕಾಗದದಲ್ಲಿ ಬರೆದಿದಾಳೆ, ಪಿಯಾನೋಗೆ ಅಷ್ಟೇ ಬರುತ್ತೆ ಅಂತ ಗೊತ್ತಿತ್ತು ಅನ್ನೋ ಧಾಟೀಲಿ. ಪಿಯಾನೋ ಹೋಯ್ತು, ಹಾಡಿನ ಪುಸ್ತಕ ಮಾತ್ರ ಮಾರ್ಲಿಲ್ಲ.

ಇನ್ನು ‘ಬರೀ’ ಅಂತೀರಲ್ಲ, ಒಂದು ಪುಟ ನೋಡಿ. ಚಾರ್ಲ್ಸ್ ಡಿಬ್ಡಿನ್ ಅಂತ ಒಬ್ಬ ಆಗ ಭಾರೀ ಫೇಮಸ್, ಅವನದೊಂದು ಹಾಡಲ್ಲಿ ಯುದ್ಧಕ್ಕೆ ಹೊರಟ ಸೋಲ್ಜರ್ ಹೆಂಡತಿಗೆ ಅಳಬೇಡ, ನೀನು ಸೋಲ್ಜರ್ ಹೆಂಡತಿ ಅನ್ನೋದು ಮರೀಬೇಡ ಅಂತಾನೆ. ಜೇನ್ ಅದನ್ನ ಬರ್ಕೊಂಡು, ಸೋಲ್ಜರ್ ಅನ್ನೋದನ್ನ ಹೊಡೆದು ಹಾಕಿ ಸೇಲರ್ ಅಂತ ಮಾಡಿದಾಳೆ. ಯಾಕಂದ್ರೆ ಅಣ್ಣ ಫ್ರಾನ್ಸಿಸ್, ತಮ್ಮ ಚಾರ್ಲ್ಸ್ ಇಬ್ರೂ ನೌಕಾಪಡೇಲಿ. (ಇನ್ನೊಬ್ಬ ಅಣ್ಣ ಹೆನ್ರಿ ಮಿಲಿಷಿಯಾ, ಅಂದ್ರೆ ಊರು ಕಾಯೋ ಸೇನೆ, ಸೇರಿ ಸೋಲ್ಜರ್ ಆಗಿದ್ದ, ಪಾಪ, ಅವನ ಲೆಕ್ಕಕ್ಕೆ ಹಾಡು ಉಳೀಲಿಲ್ಲ.) ಇದು ಕಾಪಿ ಅಂತೀರಾದ್ರೆ ಅನ್ಕೊಳ್ಳಿ.

ಒಂದ್ಸಲ ನೆಂಟರ ಮನೆ ಗೃಹಪ್ರವೇಶದ ಪಂಕ್ತೀಲಿ ಇದನ್ನೇ ಹೇಳ್ತಿದ್ದೆ. ದೊಡ್ಡಪ್ಪ ಅಡ್ಡ ಬಾಯಿ ಹಾಕಿದ್ರು: “ನಿಮ್ಮ ದೊಡ್ಡಮ್ಮನೂ ನೋಟ್‌ಬುಕ್ ತುಂಬಾ ದೇವರನಾಮ ಬರ್ಕೊಂಡಿದ್ಲು ಕಣಮ್ಮ, ಯಾವ ಯೂನಿವರ್ಸಿಟಿಯವ್ನೂ ಬರ್ಲಿಲ್ಲ.” ಎಲ್ಲಾ ನಕ್ರು. ಆ ನೋಟ್‌ಬುಕ್ ಎಲ್ಲಿ ದೊಡ್ಡಪ್ಪಾ ಅಂದೆ. ಮನೆ ಶಿಫ್ಟ್ ಮಾಡೋವಾಗ ಹಳೇ ಪೇಪರ್‌ನವನಿಗೆ ಹೋಯ್ತಂತೆ. ದೊಡ್ಡಮ್ಮ ಸಾರು ಬಡಿಸ್ತಿದ್ರು, ಸೌಟು ಕೈಲಿ ಹಿಡ್ಕೊಂಡೇ, “ನನ್ನ ಒಂದು ಮಾತು ಕೇಳ್ದೇ ಹಾಕಿದ್ರು” ಅಂದ್ರು. ದೊಡ್ಡಪ್ಪ ಇನ್ನೊಂದು ಹಪ್ಪಳ ತರ್ಸಿ ಅಂದ್ರು.

ಯಾರಾದ್ರೂ ಕೇಳ್ಲಿ ಅಂತ ನಾನು ಕಾಯ್ತಿರೋ ಪ್ರಶ್ನೆನೇ ಬೇರೆ. ಜೇನ್ ಕೈಬರಹದಲ್ಲಿ ಫ್ರೆಂಚ್ ಕ್ರಾಂತಿಯ ಹಾಡೂ ಇದೆ, ಈಗ ಅವರ ರಾಷ್ಟ್ರಗೀತೆ ಆಗಿರೋ ಮಾರ್ಸೆಯೇಸ್. ಅವಳ ಸೋದರತ್ತೆ ಮಗಳು ಎಲಿಜಾ, 1761ರಲ್ಲಿ ಕಲ್ಕತ್ತಾದಲ್ಲಿ ಹುಟ್ಟಿದವಳು, ಒಬ್ಬ ಫ್ರೆಂಚ್ ಕ್ಯಾಪ್ಟನ್‌ನ ಮದುವೆ ಆಗಿದ್ಲು, 1794ರ ಫೆಬ್ರವರೀಲಿ ಪ್ಯಾರಿಸ್‌ನಲ್ಲಿ ಕ್ರಾಂತಿಕಾರಿಗಳು ಅವನ ತಲೆ ತೆಗೆದ್ರು. 1797ರ ಕೊನೇಲಿ ಅದೇ ಹೆನ್ರಿನ ಮದುವೆ ಆಗಿ ಎಲಿಜಾ ಜೇನ್‌ಗೆ ಅತ್ತಿಗೆನೂ ಆದ್ಲು. ಈ ಕಡೆ ಅಣ್ಣ ತಮ್ಮ ಇಬ್ರೂ ಫ್ರಾನ್ಸ್ ವಿರುದ್ಧದ ಯುದ್ಧದ ಹಡಗಲ್ಲಿ. ಇಂಥಾ ಮನೇಲಿ ಕೂತು ಈ ಹಾಡನ್ನ ಯಾಕ್ರೀ ಬರ್ಕೊಂಡ್ಲು? ಎಲಿಜಾ ಬಂದಾಗ ಈ ಪುಟ ತಿರುವಿ ಹಾಕಿ ಮುಂದಕ್ಕೆ ಹೋಗ್ತಿದ್ಲಾ? ರಾಗ ಕೈಗೆ ಹತ್ತಿಬಿಟ್ಟಿತ್ತು, ಅದಕ್ಕೆ ಬರ್ಕೊಂಡ್ಲು ಅಂತ ನಾನಂತೀನಿ. ನನ್ನ ಫ್ರೆಂಡ್ ಒಬ್ಬಳು ಒಪ್ಪಲ್ಲ, ಶತ್ರು ಏನು ಹಾಡ್ತಾನೆ ಅಂತ ತಿಳ್ಕೊಳ್ಳೋ ಕುತೂಹಲ ಅದು ಅಂತಾಳೆ, ಇದೇ ವಿಷಯಕ್ಕೆ ಫೋನಲ್ಲಿ ಕಿತ್ತಾಡಿ ನಾವಿಬ್ರೂ ಒಂದು ವಾರ ಮಾತು ಬಿಟ್ಟಿದ್ದೂ ಇದೆ. ನಿಮಗೇನನ್ಸುತ್ತೆ ಹೇಳಿ, ಅವಳಿಗೆ ಫಾರ್ವರ್ಡ್ ಮಾಡ್ತೀನಿ.