ಹಳಿ ಮೇಲಿನ ಒಟಿಪಿ

ಹೋದ ಮಳೆಗಾಲದಲ್ಲಿ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಲೋಕಲ್ ರೈಲು ಹತ್ತುವಾಗ ಫೋನ್ ಜಾರಿ ಹಳಿ ಮೇಲೆ ಬಿತ್ತು. ಸಿಮ್ಮೂ ಹೋಯಿತು. ಚಾಟ್ ಆ್ಯಪ್ ಮಾತ್ರ ಲ್ಯಾಪ್‌ಟಾಪಿನಲ್ಲಿ ಒಟಿಪಿ ಕೇಳುತ್ತಲೇ ಇತ್ತು. ಒಟಿಪಿ ಬರಬೇಕಾದ ನಂಬರು ಹಳಿ ಮೇಲೆ! ಮೂರು ದಿನ ಧಾರವಾಡದ ಅಮ್ಮನ ಪಾಲಿಗೆ ನಾನು ನಾಪತ್ತೆ.

ಆಮೇಲೆ ಎಕ್ಸ್‌ಎಂಪಿಪಿಗೆ ಬಂದೆ. ಬೇರೆ ಬೇರೆ ಆ್ಯಪು, ಸರ್ವರ್‌ಗಳು ತಮ್ಮೊಳಗೆ ಮೆಸೇಜು ಸಾಗಿಸಲು ಬಳಸುವ ಮುಕ್ತ ಭಾಷೆ ಇದು. ಹೊಸದೇನಲ್ಲ, 1999ರಲ್ಲಿ ಜೆರೆಮಿ ಮಿಲ್ಲರ್ ಜ್ಯಾಬರ್ ಅಂತ ಶುರು ಮಾಡಿದ್ದು. 2004ರಲ್ಲಿ, ಇಂಟರ್ನೆಟ್ಟಿನ ಮಾನದಂಡ ರೂಪಿಸುವ ಐಇಟಿಎಫ್‌ನ ಮಾನದಂಡವಾಯಿತು. ವಿಳಾಸ ಇಮೇಲ್ ಥರ: ಹೆಸರು, ಆ್ಯಟ್ ಗುರುತು, ಸರ್ವರ್. ನನ್ನ ಸರ್ವರ್ ಬೇರೆ, ಅಮ್ಮನದು ಬೇರೆ. ಆದರೂ ಮಾತು ನಡೆಯುತ್ತದೆ. ಫೋನ್ ನಂಬರಿನ ಹಂಗೇ ಇಲ್ಲ. ಒಂದು ಕಾಲದಲ್ಲಿ ಗೂಗಲ್ ಟಾಕ್ ಕೂಡ ಇದೇ ಭಾಷೆ ಆಡುತ್ತಿತ್ತು, ನೆನಪಿದೆಯಾ?

ಅಮ್ಮನ ಫೋನಿಗೆ ಎಫ್-ಡ್ರಾಯ್ಡ್ ಅನ್ನೋ ಮುಕ್ತ ಆ್ಯಪ್‌ಗಳ ಅಂಗಡಿಯಿಂದ ಕಾನ್ವರ್ಸೇಷನ್ಸ್ ಅನ್ನೋ ಎಕ್ಸ್‌ಎಂಪಿಪಿ ಆ್ಯಪ್ ಹಾಕಿಕೊಟ್ಟೆ. ಅಲ್ಲಿ ಪುಕ್ಕಟೆ. ಮೆಸೇಜು ನಮ್ಮಿಬ್ಬರ ಹೊರತು ಯಾರೂ ಓದದಂತೆ ಗೂಢಲಿಪಿ ಮಾಡುವ ಒಮೆಮೋ ಬೀಗವನ್ನೂ ಆನ್ ಮಾಡಿದೆ. ಇದರಲ್ಲೂ ಕಿರಿಕಿರಿ ಇಲ್ಲ ಅಂತಲ್ಲ. ಬೀಗದ ಕೀಲಿ ಇರುವುದು ಫೋನಿನಲ್ಲೇ. ಬ್ಯಾಕಪ್ ಇಲ್ಲದೆ ಫೋನ್ ಬದಲಿಸಿದರೆ ಹಳೇ ಮೆಸೇಜು ಓದಲಾಗದು. ಮಾಟುಂಗಾದ ಗೆಳೆಯರನ್ನು ಕರೆದರೆ, 'ಇನ್ನೊಂದು ಆ್ಯಪಾ? ಸುಮ್ನೆ ಇರಪ್ಪ' ಅಂದರು. ಅವರಿಗಾಗಿ ಹಳೇ ಆ್ಯಪನ್ನೂ ಇಟ್ಟುಕೊಂಡಿದ್ದೇನೆ, ಸದ್ದು ಬಂದ್ ಮಾಡಿ.

ಪಟ್ಟಿಯಲ್ಲಿ ಈಗ ಇರುವುದು ನಾಲ್ಕೇ ಜನ. ಸ್ಟೇಟಸ್ ಇಲ್ಲ, ಜಾಹೀರಾತಿಲ್ಲ. ಇವತ್ತು ಠಾಣೆ ದಾಟುವಾಗ ಅಮ್ಮನ ಮೆಸೇಜು ಬಂತು: 'ರೊಟ್ಟಿ ಕೊರಿಯರ್ ಮಾಡೀನಿ. ಫೋನ್ ಗಟ್ಟಿ ಹಿಡ್ಕೋ.'