ಹಿಂದಿನ ಸೀಟಿನ ವಿಜಯನ್

ಡಿಸೆಂಬರ್ 4 ಬಂತೆಂದರೆ ನಮ್ಮ ಶಾಲೆಯಲ್ಲಿ ಪ್ರಾರ್ಥನೆ ಹೊತ್ತಿಗೆ ನೌಕಾಪಡೆ ದಿನದ ಬಗ್ಗೆ ಎರಡು ಮಾತು ಹೇಳುತ್ತೇವೆ. 1971ರಲ್ಲಿ ನಮ್ಮ ಕ್ಷಿಪಣಿ ದೋಣಿಗಳು ಕರಾಚಿ ಬಂದರಿಗೆ ನುಗ್ಗಿ ಹೊಡೆದ ರಾತ್ರಿ ಅದು. ಮಕ್ಕಳು ಚಪ್ಪಾಳೆ ತಟ್ಟಿ ಕ್ಲಾಸಿಗೆ ಹೋಗುತ್ತಾರೆ. ಅದೇ ವಾರದಲ್ಲಿ ಬರುವ ಡಿಸೆಂಬರ್ 10 ಮಾತ್ರ ಸುಮ್ನೆ ಕಳೆದುಹೋಗುತ್ತದೆ. ಅದು ಎಂಥ ದಿನ ಅಂತ ನನಗೆ ಗೊತ್ತಾಗಿದ್ದೇ ನಮ್ಮ ಓಣಿಯ ಮಿಲಿಟರಿ ತಾತನಿಂದ.

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಮ್ಮ ಮನೆಯ ಸಾಲಿನಲ್ಲೇ ತಾತನ ಮನೆ. ದುಡಿದದ್ದು ನೌಕಾಪಡೆಯಲ್ಲಿ. ಆದರೆ ಇದು ದಂಡು ಇದ್ದ ಊರು. ಯೂನಿಫಾರ್ಮ್ ಹಾಕಿದವರೆಲ್ಲ ಇಲ್ಲಿ ಮಿಲಿಟರಿಯವರೇ. ಮೀಸೆ ಮೂಡುವ ಮೊದಲೇ ಮೀಟರ್ ಗೇಜ್ ರೈಲಿನಲ್ಲಿ ಗುಂತಕಲ್ಲಿಗೆ ಹೋಗಿ, ಅಲ್ಲಿಂದ ದೊಡ್ಡ ಗಾಡಿ ಹಿಡಿದು ಹೊರಟವರು. ಸಮುದ್ರ ನೋಡಿದ್ದೇ ಕೆಲಸಕ್ಕೆ ಸೇರಿದ ಮೇಲೆ. ಕೊಚ್ಚಿಯಲ್ಲಿ ವಿಮಾನದ ಎಲೆಕ್ಟ್ರಿಕಲ್ ಕೆಲಸ ಕಲಿತರು. 71ರ ಯುದ್ಧ ಮುಗಿದ ಮೇಲೆ 310ನೇ ಸ್ಕ್ವಾಡ್ರನ್ನಿಗೆ, ಅಂದರೆ ನೌಕಾಪಡೆಯ ಒಂದು ವಿಮಾನ ತಂಡಕ್ಕೆ, ಹೋದರು. ಅಲ್ಲಿದ್ದದ್ದು ಅಲಿಜೆ ವಿಮಾನಗಳು. ಫ್ರಾನ್ಸಿನಲ್ಲಿ ಮಾಡಿದವು, 1961ರಲ್ಲಿ ನಮ್ಮ ನೌಕಾಪಡೆಗೆ ಬಂದವು. ಮೂಗಿನಲ್ಲಿ ಒಂದೇ ಎಂಜಿನ್ನು, ಮೂರು ಜನಕ್ಕೆ ಜಾಗ. ಸಮುದ್ರದ ಮೇಲೆ ಗಂಟೆಗಟ್ಟಲೆ ಹಾರಾಡುತ್ತಾ ಸಬ್‌ಮರಿನ್ ಹುಡುಕುವುದು ಅವುಗಳ ಕೆಲಸ.

ತಾತ ಆ ಸ್ಕ್ವಾಡ್ರನ್ನಿಗೆ ಕಾಲಿಡುವ ಹೊತ್ತಿಗೆ ಒಂದು ಅಲಿಜೆ ಮತ್ತು ಅದರ ಮೂವರು ಇರಲಿಲ್ಲ. ಲೆಫ್ಟಿನೆಂಟ್ ಕಮಾಂಡರ್ ಅಶೋಕ್ ರಾಯ್ ಪೈಲಟ್. ಲೆಫ್ಟಿನೆಂಟ್ ಎಚ್.ಎಸ್. ಸಿರೋಹಿ ಅಬ್ಸರ್ವರ್, ಅಂದರೆ ದಾರಿ, ರಾಡಾರ್ ನೋಡುವವರು. ಮೂರನೆಯವರು ಯಂತ್ರಗಳ ಮುಂದೆ ಕೂರುವ ಏರ್‌ಕ್ರ್ಯೂಮನ್ ವಿಜಯನ್. 1971ರ ಡಿಸೆಂಬರ್ 10ರಂದು ಅರಬ್ಬಿ ಸಮುದ್ರದ ಮೇಲೆ ಗಸ್ತಿಗೆ ಹೋದವರನ್ನು ಪಾಕಿಸ್ತಾನದ ಸ್ಟಾರ್‌ಫೈಟರ್ ಯುದ್ಧವಿಮಾನ ಹೊಡೆದು ಉರುಳಿಸಿತು. ಮೂವರೂ ಮರಳಲಿಲ್ಲ.

ಹತ್ತನೇ ಕ್ಲಾಸಿನ ಮಕ್ಕಳಿಗೆ ಈ ವಿಷಯ ಹೇಳಬೇಕು ಅಂತ ನಾನು ತಾತನನ್ನು ಕೇಳಿದಾಗ ಅವರು ತಕ್ಷಣ ಒಪ್ಪಲಿಲ್ಲ. "ನಾನು ಯುದ್ಧ ಮಾಡಿದವನಲ್ಲ ಟೀಚರಮ್ಮ, ವೈರು ಜೋಡಿಸಿದವನು" ಅಂದರು. ಆ ಮೂವರ ಬಗ್ಗೆ ಹೇಳಿದರೆ ಸಾಕು ತಾತ, ಅಂದೆ. ಸ್ವಲ್ಪ ಹೊತ್ತು ಬಿಟ್ಟು, "ಹಂಗಾದ್ರೆ ಬರ್ತೀನಿ. ಭಾಷಣ ಮಾತ್ರ ಮಾಡಲ್ಲ. ಸುಣ್ಣದ ಪುಡಿ ಇಡಿಸ್ರಿ" ಅಂದರು.

ಸುಣ್ಣದ ಪುಡಿ ಯಾಕೆ ಅಂತ ಡಿಸೆಂಬರ್ 10ರ ಬೆಳಗ್ಗೆ ಗೊತ್ತಾಯಿತು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದ ತಾತ ಸ್ಟಾಫ್ ರೂಮಿಗೂ ಬರದೆ ಸೀದಾ ಮೈದಾನಕ್ಕೆ ಹೋದರು. ಪಿಟಿ ಮೇಷ್ಟ್ರ ಕೈಯಲ್ಲಿ ಟೇಪು ಹಿಡಿಸಿದರು. ಮೂಗಿನಿಂದ ಬಾಲದವರೆಗೆ 14 ಮೀಟರಿಗೆ ಸ್ವಲ್ಪ ಕಡಿಮೆ. ರೆಕ್ಕೆಯ ಈ ತುದಿಯಿಂದ ಆ ತುದಿಗೆ 15.6 ಮೀಟರ್. ಕಬಡ್ಡಿ ಅಂಕಣ ಹಾಕುವ ಹುಡುಗರೇ ಪುಡಿ ಉದುರಿಸುತ್ತಾ ಗೆರೆ ಎಳೆದರು. ವಾಲಿಬಾಲ್ ಅಂಕಣದ ಉದ್ದದೊಳಗೆ ಇಡೀ ಮೈ ಹಿಡಿಸಿತು, ರೆಕ್ಕೆಗಳು ಮಾತ್ರ ಎರಡೂ ಕಡೆ ಆಚೆ ಚಾಚಿಕೊಂಡವು. ರೆಕ್ಕೆಯ ಮೇಲೆ ಎರಡು ಉಬ್ಬು ಬರೆಸಿದರು. ಅದರ ಹಿಂಭಾಗಕ್ಕೆ ಚಕ್ರ ಮಡಚಿ ಸೇರುತ್ತಿತ್ತಂತೆ, ಮುಂಭಾಗದಲ್ಲಿ ನೀರೊಳಗಿನ ಸದ್ದು ಹಿಡಿಯುವ ಸೋನೋಬಾಯ್ ತುಂಬುತ್ತಿದ್ದರಂತೆ. ಹೊಟ್ಟೆಯ ಕೆಳಗೆ ಒಂದು ವೃತ್ತ. ಅದು ರಾಡಾರ್, ಹಾರುವಾಗ ಕೆಳಗೆ ಇಳಿಯುತ್ತಿತ್ತು.

ಆಮೇಲೆ ಮೂರು ಕುರ್ಚಿ ತರಿಸಿದರು. ಎರಡು ಮುಂದೆ, ಒಂದು ಹಿಂದೆ.

ಮುಂದಿನ ಎಡಗಡೆ ಕುರ್ಚಿಗೆ ಜಗಳವೇ ಆಯಿತು. ಪೈಲಟ್ ಸೀಟು ಯಾರಿಗೆ ಬೇಡ? ಪಕ್ಕದ ಕುರ್ಚಿಗೂ ಒಬ್ಬ ಹುಡುಗ ಸಿಕ್ಕ. ಹಿಂದಿನದು ಖಾಲಿಯೇ ಉಳಿಯಿತು. ತಾತ ಅದರ ಬೆನ್ನು ಹಿಡಿದುಕೊಂಡು ನಿಂತರು. "ಈ ಸೀಟು ಬಿಚ್ಚಿ ಕೆಲಸ ಮಾಡಿದೀನಿ ನಾನು. ಇಲ್ಲಿ ಕೂತವನಿಗೆ ಮುಂದೆ ಏನ್ ಬರ್ತಾ ಐತಿ ಅಂತ ಕಾಣಲ್ಲ. ಅವನ ಮುಂದೆ ಇರೋದು ಯಂತ್ರ. ಕಿವಿಗೆ ಹೆಡ್‌ಫೋನು. ನಾಲ್ಕೈದು ಗಂಟೆ ಹಂಗೇ ಕೂರಬೇಕು. ವಿಜಯನ್ ಕೂತಿದ್ದು ಇಲ್ಲಿ. ಯಾರ್ ಬರ್ತೀರಿ?"

ಒಬ್ಬ ಹುಡುಗಿ ಬಂದು ಕೂತಳು. ಯಾವತ್ತೂ ಕೈ ಎತ್ತಿ ಉತ್ತರ ಹೇಳದ ಹುಡುಗಿ ಅವಳು. ಕೂತ ಮೇಲೆ ಕೇಳಿದಳು, "ನಾನು ಏನು ಕೇಳಿಸ್ಕೋಬೇಕು ತಾತ?"

ತಾತನಿಗೆ ಈ ಪ್ರಶ್ನೆ ಬಹಳ ಹಿಡಿಸಿತು. ನನಗೂ ಅಷ್ಟೇ, ಯಾಕೆಂದರೆ ಇಡೀ ಕೆಲಸದ ತಿರುಳು ಅದರಲ್ಲೇ ಇದೆ. ಬಾವಿಗೆ ಕೊಡ ಬಿದ್ದರೆ ಪಾತಾಳಗರಡಿ ಬಿಟ್ಟು ತಡಕುತ್ತಾರಲ್ಲ, ಹಾಗೆ ಸಮುದ್ರಕ್ಕೆ ಸೋನೋಬಾಯ್ ಬಿಡುತ್ತಾರೆ ಅಂತ ಹೇಳಿದರು. ಉದ್ದನೆಯ ಡಬ್ಬಿ ಅದು. ವಿಮಾನದಿಂದ ಬಿದ್ದು ನೀರು ಮುಟ್ಟುತ್ತದೆ. ಅದರೊಳಗಿಂದ ತಂತಿಗೆ ಕಟ್ಟಿದ ಮೈಕು ಆಳಕ್ಕೆ ಇಳಿಯುತ್ತದೆ. ಮೇಲೆ ತೇಲುವ ಭಾಗದಲ್ಲಿ ಸಣ್ಣ ರೇಡಿಯೊ. ನೀರೊಳಗಿನ ಸದ್ದನ್ನು ಅದು ಮೇಲೆ ಹಾರುವ ವಿಮಾನಕ್ಕೆ ಕಳಿಸುತ್ತದೆ. ಅಲೆಯ ಸದ್ದು, ಮೀನಿನ ಸದ್ದು, ದೂರದ ಹಡಗಿನ ಸದ್ದು, ಎಲ್ಲ ಒಟ್ಟಿಗೆ ಬರುತ್ತದೆ. ಅದರ ನಡುವೆ ಸಬ್‌ಮರಿನ್ನಿನ ಪ್ರೊಪೆಲ್ಲರ್ ಸದ್ದನ್ನು ಬೇರೆ ಮಾಡಿ ಗುರುತು ಹಿಡಿಯಬೇಕು. ತುಂಗಭದ್ರಾ ಡ್ಯಾಮಿಗಿಂತ ದೊಡ್ಡ ನೀರು ನೋಡದ ನಮ್ಮ ಮಕ್ಕಳು ಬಾಯಿ ತೆರೆದುಕೊಂಡು ಕೇಳಿದರು.

ಆ ದಿನಗಳಲ್ಲಿ ಈ ಹುಡುಕಾಟ ಎಷ್ಟು ತುರ್ತಿನದು ಅನ್ನುವುದು ಹಿಂದಿನ ರಾತ್ರಿಯ ಕತೆ ಹೇಳದೆ ತಿಳಿಯುವುದಿಲ್ಲ. ಡಿಸೆಂಬರ್ 9ರ ರಾತ್ರಿ ದೀವ್ ಕರಾವಳಿಯ ಆಚೆ ಪಾಕಿಸ್ತಾನದ ಸಬ್‌ಮರಿನ್ ಹ್ಯಾಂಗೋರ್ ನಮ್ಮ ಯುದ್ಧಹಡಗು ಐಎನ್‌ಎಸ್ ಖುಕ್ರಿಗೆ ನೀರೊಳಗೆ ಸಾಗಿ ಬಡಿಯುವ ಟಾರ್ಪಿಡೊ ಹೊಡೆದು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗು ಬಿಡದೆ ಅದರ ಜೊತೆಗೇ ಮುಳುಗಿದರು. ಹ್ಯಾಂಗೋರ್‌ಗಾಗಿ ಹಡಗು, ವಿಮಾನ ಎಲ್ಲ ಸೇರಿ ದಿನಗಟ್ಟಲೆ ಸಮುದ್ರ ಜಾಲಾಡಿದವು. ಅದು ತಪ್ಪಿಸಿಕೊಂಡು ಕರಾಚಿ ಸೇರಿತು. ರಾಯ್, ಸಿರೋಹಿ, ವಿಜಯನ್ ಹೋದದ್ದು ಈ ಹುಡುಕಾಟದ ದಿನಗಳಲ್ಲೇ. ಸಬ್‌ಮರಿನ್ ಫ್ರಾನ್ಸಿನದು, ಹುಡುಕುವ ಅಲಿಜೆಯೂ ಫ್ರಾನ್ಸಿನದು, ಅದನ್ನು ಹೊಡೆದ ಸ್ಟಾರ್‌ಫೈಟರ್ ಅಮೆರಿಕದ್ದು. ಸತ್ತವರು ಮಾತ್ರ ಇಲ್ಲಿಯವರು. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಪೈಲಟ್ ಕುರ್ಚಿಯ ಹುಡುಗ ಸುಮ್ಮನಿರಲಿಲ್ಲ. "ಜೋರಾಗಿ ಓಡಿಸ್ಕೊಂಡು ಹೋಗಬಹುದಿತ್ತಲ್ವಾ ತಾತ?"

"ಅಲಿಜೆ ಎಷ್ಟು ತಿಣುಕಿದ್ರೂ ಗಂಟೆಗೆ 500 ಕಿಲೋಮೀಟರ್ ಚಿಲ್ಲರೆ. ಆ ಸ್ಟಾರ್‌ಫೈಟರ್ ಶಬ್ದದ ಎರಡು ಪಟ್ಟು ವೇಗದಲ್ಲಿ ಹೋಗೋ ವಿಮಾನ. ಎಲ್ಲಿಗೆ ಓಡ್ತಿ?" ತಾತನ ದನಿಯಲ್ಲಿ ಸಿಟ್ಟಿರಲಿಲ್ಲ. ಗಸ್ತು ವಿಮಾನಕ್ಕೆ ಬೇರೆ ವಿಮಾನದ ಜೊತೆ ಕಾದಾಡುವ ಬಂದೂಕಿಲ್ಲ. ಸಬ್‌ಮರಿನ್ ಹುಡುಕಲು ಹೋಗುವಾಗ ಅದು ಒಯ್ಯುವುದು ಹೆಚ್ಚಾಗಿ ನೀರೊಳಗಿನ ಶತ್ರುವಿಗೆ, ಟಾರ್ಪಿಡೊ, ನೀರೊಳಗೆ ಸಿಡಿಯುವ ಡೆಪ್ತ್ ಚಾರ್ಜ್. ಮೇಲಿನಿಂದ ಫೈಟರ್ ಬಂದರೆ ನೀರಿನ ಹತ್ತಿರಕ್ಕೆ ಇಳಿದು ಸುತ್ತು ಹೊಡೆಯುವುದೊಂದೇ ದಾರಿ. ಇದೆಲ್ಲ ಗೊತ್ತಿದ್ದೇ ಅವರು ಹೋಗುತ್ತಿದ್ದರು. ದಿನಾ ಹೋಗುತ್ತಿದ್ದರು. ಧೈರ್ಯ ಅಂದರೆ ನನ್ನ ಕಣ್ಣಿಗೆ ಇದೇ ದೊಡ್ಡದು. ಹೋಗಿ ಬಂದರೆ ಹಾರ ಇಲ್ಲ, ಸುದ್ದಿ ಇಲ್ಲ. "ಏನೂ ಸಿಗಲಿಲ್ಲ" ಅಂತ ಬರೆದು ಸಹಿ ಮಾಡಿ ಮರುದಿನ ಮತ್ತೆ ಹತ್ತಬೇಕು.

ಇನ್ನೊಂದು ಮಾತನ್ನೂ ತಾತ ಬಿಡದೆ ಹೇಳಿದರು. ಎರಡು ದಿನ ಕಳೆದು, ಡಿಸೆಂಬರ್ 12ಕ್ಕೆ, ಪಾಕಿಸ್ತಾನದ ವಿಂಗ್ ಕಮಾಂಡರ್ ಮೆರ್ವಿನ್ ಮಿಡಲ್‌ಕೋಟ್ ಸ್ಟಾರ್‌ಫೈಟರ್‌ನಲ್ಲಿ ಜಾಮ್‌ನಗರದ ಕಡೆ ಬಂದಾಗ ನಮ್ಮ ಮಿಗ್-21 ಅವರನ್ನು ಕಛ್ ಕೊಲ್ಲಿಯ ಮೇಲೆ ಹೊಡೆಯಿತು. ಅವರು ವಿಮಾನದಿಂದ ಹಾರಿಕೊಂಡರು, ಆದರೆ ಅವರೂ ಮನೆಗೆ ಮರಳಲಿಲ್ಲ. ಇದನ್ನು ಕೇಳಿ ಯಾರೋ ಚಪ್ಪಾಳೆ ತಟ್ಟಲು ಶುರು ಮಾಡಿದ. ತಾತ ಕೈ ಎತ್ತಿ ತಡೆದರು. "ಬ್ಯಾಡಪ್ಪಾ. ಅವರ ಮನೇಲೂ ಕಾಯೋರಿದ್ರು." ಅಷ್ಟೇ ಹೇಳಿ ಮುಂದಕ್ಕೆ ಹೋದರು. ಈ ಒಂದು ಮಾತಿಗಾಗಿಯಾದರೂ ತಾತನನ್ನು ಕರೆದದ್ದು ಸಾರ್ಥಕ ಅನ್ನಿಸಿತು ನನಗೆ.

ನಾನು ಗಮನಿಸಿದ್ದೇನೆಂದರೆ, ಈ ಘಟನೆ ಎಲ್ಲಿ ಬಂದರೂ ರಾಯ್ ಅವರ ಹೆಸರು ಮೊದಲು ಬರುತ್ತದೆ. ವಿಮಾನ ನಡೆಸಿದವರು, ಬರಲೇಬೇಕು. ಸಿರೋಹಿ ಹೆಸರೂ ಬರುತ್ತದೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಹೇಳುವವರಿಗೆ ಆತುರ. "ಮತ್ತಿಬ್ಬರು" ಅಂತ ಮುಗಿಸುವವರೂ ಇದ್ದಾರೆ. ವಿಮಾನ ಉರುಳಿದಾಗ ಮುಂದಿನ ಸೀಟು, ಹಿಂದಿನ ಸೀಟು ಅಂತ ಭೇದ ಇತ್ತಾ? ಅದಕ್ಕೇ ಬೋರ್ಡಿನ ಮೇಲೆ ಮೂರೂ ಹೆಸರನ್ನು ಒಂದೇ ಅಳತೆಯ ಅಕ್ಷರದಲ್ಲಿ ಬರೆಸಿದೆ. ಬರೆದವಳು ಹಿಂದಿನ ಕುರ್ಚಿಯ ಹುಡುಗಿಯೇ. ವಿಜಯನ್ ಹೆಸರಿನಿಂದ ಶುರು ಮಾಡಿದಳು.

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನುತ್ತಾ ತಾತ ಗೋವಾದ ವಿಷಯ ತೆಗೆದರು. ಬೋಗ್ಮಾಲೊದಲ್ಲಿ ನೌಕಾಪಡೆಯ ವಿಮಾನಗಳ ಮ್ಯೂಸಿಯಂ ಇದೆ, ಅಲ್ಲಿ ಒಂದು ಅಲಿಜೆ ನಿಲ್ಲಿಸಿದ್ದಾರೆ. ಬಳ್ಳಾರಿಯಲ್ಲಿ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿದರೆ ಸೀದಾ ವಾಸ್ಕೋದಲ್ಲಿ ಇಳಿಯಬಹುದು, ಅಲ್ಲಿಂದ ಬೋಗ್ಮಾಲೊ ಹತ್ತಿರವೇ. ಮಕ್ಕಳಿಗೆ ಈ ಸುದ್ದಿ ಹೇಗೆ ಮುಟ್ಟಿತೋ, ಸಂಜೆಯೊಳಗೆ ಈ ಸಲದ ಪ್ರವಾಸಕ್ಕೆ ಗೋವಾ ಬೇಕು ಅಂತ ಸಹಿ ಹಾಕಿದ ಕಾಗದ ನನ್ನ ಮೇಜಿನ ಮೇಲಿತ್ತು. ಹೆಡ್‌ಮಾಸ್ಟರ್ ಬೇಡ ಅನ್ನಲಿಲ್ಲ, ಪಾಲಕರ ಒಪ್ಪಿಗೆ ಪತ್ರ ತನ್ನಿ ಅಂದಿದ್ದಾರೆ. ತಾತ ತಮ್ಮ ಟಿಕೆಟ್ ದುಡ್ಡು ಆಗಲೇ ತಂದು ಕೊಟ್ಟಿದ್ದಾರೆ.