ಚೀನಾದವರು ನಮಗಿಂತ ಜಾಸ್ತಿ ದುಡಿಯುತ್ತಾರಾ?

ಮದುವೆ ಊಟಕ್ಕೆ ಕೂತಾಗ, ಪೀಣ್ಯದ ಹಳೆಯ ಗೆಳೆಯರು ಸಿಕ್ಕಾಗ, ಈ ಪ್ರಶ್ನೆ ಬಂದೇ ಬರುತ್ತದೆ. "ನಾಲ್ಕು ವರ್ಷ ಚೀನಾದಲ್ಲಿ ಇದ್ದೆಯಲ್ಲಪ್ಪಾ, ಅವರು ಹಗಲು ರಾತ್ರಿ ದುಡೀತಾರಂತೆ, ಮೇಲಿನವರು ಹೇಳಿದ್ರೆ ಎದುರು ಮಾತೇ ಇಲ್ವಂತೆ. ನಮ್ಮವರಿಗೆ ಯಾಕೆ ಅದು ಬರಲ್ಲ?" ಎದ್ದು ಕೈ ತೊಳೆಯುವಷ್ಟರಲ್ಲಿ ಹೇಳಿ ಮುಗಿಸುವ ಉತ್ತರ ಅಲ್ಲ ಇದು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಇದ್ದದ್ದು ಗ್ವಾಂಗ್‌ಡಾಂಗ್ ಪ್ರಾಂತ್ಯದ ಡಾಂಗ್‌ಗುವಾನ್‌ನಲ್ಲಿ, ಶೆನ್‌ಜೆನ್ ಪಕ್ಕದ ಊರು. ನಮ್ಮ ಕಂಪನಿಗೆ ಬೇಕಾದ, ಪ್ಲಾಸ್ಟಿಕ್ ತುಂಡುಗಳನ್ನು ಹೊಡೆಯುವ ಅಚ್ಚುಗಳನ್ನು ಅಲ್ಲಿ ಮಾಡಿಸಿ, ಪರೀಕ್ಷೆ ಮಾಡಿ ಕಳಿಸುವುದು ನನ್ನ ಕೆಲಸ. ಹಾಗಾಗಿ ನಾನು ಹೇಳುವುದು ಕಾರ್ಖಾನೆಯ ಮಾತು. ಬೀಜಿಂಗ್‌ನ ಸರ್ಕಾರಿ ಕಚೇರಿಯಲ್ಲೋ ಶಾಂಘೈ ಬ್ಯಾಂಕಿನಲ್ಲೋ ಬೇರೆ ಥರ ಇರಬಹುದು.

ಮೊದಲು ದುಡಿಮೆಯ ವಿಷಯ ಮುಗಿಸಿಬಿಡುತ್ತೇನೆ. ಅಲ್ಲಿ 996 ಅನ್ನುತ್ತಾರೆ. ಬೆಳಗ್ಗೆ 9ರಿಂದ ರಾತ್ರಿ 9, ವಾರಕ್ಕೆ 6 ದಿನ, ಅಂದರೆ 72 ಗಂಟೆ. ಅದನ್ನು ಅಲ್ಲಿನವರು ಖುಷಿಯಿಂದ ಒಪ್ಪಿಕೊಂಡಿದ್ದಾರೆ ಅನ್ನುವುದು ಸುಳ್ಳು. 2019ರಲ್ಲಿ ಅಲ್ಲಿನ ಸಾಫ್ಟ್‌ವೇರ್ ಹುಡುಗರೇ ಅದರ ವಿರುದ್ಧ ಗಿಟ್‌ಹಬ್‌ನಲ್ಲಿ, ಅಂದರೆ ಕೋಡ್ ಹಂಚಿಕೊಳ್ಳುವ ಜಾಲತಾಣದಲ್ಲಿ, ದನಿ ಎತ್ತಿದರು. ಅದೇ ಸಮಯಕ್ಕೆ ಅಲಿಬಾಬಾದ ಜ್ಯಾಕ್ ಮಾ 996 ಒಂದು ಭಾಗ್ಯ ಎಂದು ಹೇಳಿ ಬೈಸಿಕೊಂಡರು. 2021ರ ಆಗಸ್ಟ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಇದು ಕಾನೂನಿಗೆ ವಿರುದ್ಧ ಎಂದಿತು. ನಮ್ಮಲ್ಲಿ 2023ರಲ್ಲಿ ನಾರಾಯಣ ಮೂರ್ತಿಯವರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದಾಗ ಎಷ್ಟು ಗಲಾಟೆ ಆಯಿತು ನೆನಪಿದೆಯಲ್ವಾ? ಮಾತು ಅದೇ, ಸಿಟ್ಟೂ ಅದೇ. ಎರಡು ಶಿಫ್ಟ್ ಎಳೆದು ಮನೆಗೆ ಹೋಗುವವರು ಪೀಣ್ಯದಲ್ಲಿ ಎಷ್ಟು ಜನ ಇಲ್ಲ! ನಮ್ಮವರು ಸೋಮಾರಿಗಳು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ನಾನು ಕಂಡ ನಿಜವಾದ ವ್ಯತ್ಯಾಸ ಬೇರೆ. "ಆಗಲ್ಲ" ಅನ್ನುವ ಮಾತನ್ನು ಯಾವಾಗ ಹೇಳುತ್ತೇವೆ, ಯಾರ ಎದುರು ಹೇಳುತ್ತೇವೆ ಅನ್ನುವುದರಲ್ಲಿ ಇದೆ ಅದು.

ಹೋದ ಮೊದಲ ವರ್ಷದ ಮಾತು. ಅಚ್ಚು ತಯಾರಾದ ಮೇಲೆ ಮೊದಲ ಸಲ ಹೊಡೆದ ತುಂಡುಗಳಿಗೆ ಟಿ1 ಸ್ಯಾಂಪಲ್ ಅನ್ನುತ್ತೇವೆ. ಮೇಜಿನ ಮೇಲೆ ಅವನ್ನು ಇಟ್ಟುಕೊಂಡು ಕೂತಿದ್ದೆವು. ಅವರ ಮಾಲೀಕ, ಅಚ್ಚಿನ ಎಂಜಿನಿಯರ್, ಸೇಲ್ಸ್‌ನ ಹುಡುಗಿ, ಮತ್ತೆ ನಾನು. ತುಂಡಿನ ಮೇಲೆಲ್ಲ ಸಿಂಕ್ ಮಾರ್ಕ್, ಅಂದರೆ ಪ್ಲಾಸ್ಟಿಕ್ ಆರುವಾಗ ಒಳಕ್ಕೆ ಕುಸಿದ ಗುರುತು. ನಾನು ನೇರವಾಗಿ ಹೇಳಿದೆ. ಗೇಟ್, ಅಂದರೆ ಕರಗಿದ ಪ್ಲಾಸ್ಟಿಕ್ ಅಚ್ಚಿನೊಳಗೆ ಹೋಗುವ ಬಾಯಿ, ತಪ್ಪು ಜಾಗದಲ್ಲಿ ಇಟ್ಟಿದ್ದೀರಿ, ಅದಕ್ಕೇ ಹೀಗಾಗಿದೆ. ಪೀಣ್ಯದ ಟೂಲ್ ರೂಮ್‌ನಲ್ಲಿ ಇದೇ ಮಾತು ಆಡಿದ್ದರೆ ಅರ್ಧ ಗಂಟೆ ಕೂಗಾಟ ಆಗುತ್ತಿತ್ತು, ಡ್ರಾಯಿಂಗ್ ಮೇಲೆ ಪೆನ್ನಿನಲ್ಲಿ ಗೀಚಾಟ ಆಗುತ್ತಿತ್ತು, ಆಮೇಲೆ ಎಲ್ಲರೂ ಒಟ್ಟಿಗೆ ಟೀ ಕುಡಿಯಲು ಹೋಗುತ್ತಿದ್ದೆವು. ಅಲ್ಲಿ ಯಾರೂ ಉಸಿರೆತ್ತಲಿಲ್ಲ. ಎಂಜಿನಿಯರ್ ತಲೆ ತಗ್ಗಿಸಿ "ಆಯಿತು" ಎಂದ, ಅಷ್ಟೇ.

ಆಮೇಲೆ ಎರಡು ವಾರ ಸ್ಯಾಂಪಲ್ ಬರಲಿಲ್ಲ. ನಮ್ಮ ವಾಟ್ಸಾಪ್ ಥರದ ವೀಚಾಟ್‌ನಲ್ಲಿ ಏನೇ ಕೇಳಿದರೂ "ಶೌದಾವ್" ಅನ್ನುವ ಒಂದೇ ಪದ. ಸಿಕ್ಕಿತು, ತಲುಪಿತು ಅಂತ ಅರ್ಥ. ಒಪ್ಪಿದೆ ಅಂತ ಅಲ್ಲ, ಮಾಡುತ್ತೇನೆ ಅಂತಲೂ ಅಲ್ಲ.

ನಮ್ಮ ಆಫೀಸಿನಲ್ಲೇ ಕೆಲಸ ಮಾಡುತ್ತಿದ್ದ ಹುನಾನ್ ಕಡೆಯ ಹಿರಿಯರೊಬ್ಬರು ಕೊನೆಗೆ ಕರೆದು ಬುದ್ಧಿ ಹೇಳಿದರು. "ನೀನು ಹೇಳಿದ್ದು ಸರಿಯೇ. ಆದರೆ ಮಾಲೀಕನ ಎದುರು ಆ ಎಂಜಿನಿಯರನ ಮಿಯೆನ್‌ಜಿ ಕಿತ್ತುಬಿಟ್ಟೆ. ಹಿಂದಿನ ಸಂಜೆ ಅವನೊಬ್ಬನಿಗೇ ಹೇಳಿದ್ದರೆ ಮೀಟಿಂಗ್‌ಗೆ ಪರಿಹಾರವನ್ನು ಅವನೇ ತರುತ್ತಿದ್ದ."

ಮಿಯೆನ್‌ಜಿ ಅಂದರೆ ಮುಖ. ನಮ್ಮ ಮರ್ಯಾದೆ ಅನ್ನುವ ಮಾತಿಗೆ ತುಂಬಾ ಹತ್ತಿರ. ಅದನ್ನು ಕಳೆದುಕೊಳ್ಳಬಹುದು, ಇನ್ನೊಬ್ಬರಿಗೆ ಕೊಡಲೂಬಹುದು. ಮುಂದಿನ ಅಚ್ಚಿನ ಹೊತ್ತಿಗೆ ನಾನು ಹಿಂದಿನ ದಿನವೇ ಶಾಪ್ ಫ್ಲೋರ್‌ಗೆ ಹೋದೆ. ಆ ಎಂಜಿನಿಯರನ್ನು ಶಿಫು ಎಂದು ಕರೆದೆ. ಕೈಕೆಲಸ ಬಲ್ಲವರನ್ನು ಅಲ್ಲಿ ಹಾಗೇ ಕರೆಯುವುದು, ನಮ್ಮ ಮೇಸ್ತ್ರಿ ಅನ್ನುವ ಹಾಗೆ. ತುಂಡನ್ನು ಕೈಗೆ ಕೊಟ್ಟು "ಇಲ್ಲಿ ಏನು ಮಾಡೋಣ?" ಎಂದು ಕೇಳಿದೆ. ಅವನು ಮಾರ್ಕರ್ ತೆಗೆದು ಅಚ್ಚಿನ ಮೇಲೇ ಗುರುತು ಹಾಕಿ ತೋರಿಸಿದ. ಮರುದಿನ ಮೀಟಿಂಗ್‌ನಲ್ಲಿ ಎಲ್ಲವನ್ನೂ ಅವನೇ ವಿವರಿಸಿದ. ಐದು ದಿನಕ್ಕೆ ಹೊಸ ಸ್ಯಾಂಪಲ್ ಬಂತು.

ನಮ್ಮಲ್ಲಿ ಮರ್ಯಾದೆ ಹೋಗುವುದು ಬೇರೆ ದಾರಿಯಲ್ಲಿ. ಮೀಟಿಂಗ್‌ನಲ್ಲಿ ನಮ್ಮ ಮಾತಿಗೆ ಯಾರಾದರೂ ಎದುರು ಮಾತಾಡಿದರೆ ನಾವು ಅಷ್ಟೊಂದು ನೊಂದುಕೊಳ್ಳುವುದಿಲ್ಲ. "ನನ್ನನ್ನ ಒಂದು ಮಾತು ಕೇಳಲೇ ಇಲ್ಲ" ಅನ್ನುವುದು ನಮಗೆ ನೋವು. ಮನೆಯಲ್ಲಿ, ಮದುವೆಯಲ್ಲಿ, ಆಫೀಸಿನಲ್ಲಿ ಎಲ್ಲ ಕಡೆ ಇದೇ. ಹಾಗಾಗಿ ಎಲ್ಲರನ್ನೂ ಕೂರಿಸಿಕೊಂಡು ಮೀಟಿಂಗ್‌ನಲ್ಲೇ ತೀರ್ಮಾನಕ್ಕೆ ಬರಲು ನೋಡುತ್ತೇವೆ, ಅವರು ಒಬ್ಬೊಬ್ಬರ ಹತ್ತಿರ ಮೊದಲೇ ಮಾತಾಡಿ ತೀರ್ಮಾನವನ್ನು ಹೇಳುವುದಕ್ಕಷ್ಟೇ ಮೀಟಿಂಗ್ ಕರೆಯುತ್ತಾರೆ. ಅಲ್ಲಿ ಒಮ್ಮೆ ಹೇಳಿದ ಮೇಲೆ ಕೆಲಸ ಓಡುತ್ತದೆ. ನಮ್ಮಲ್ಲಿ ಎಲ್ಲರೂ "ಆಯ್ತು ಸಾರ್" ಎಂದು ಎದ್ದು ಬಂದ ಮೇಲೆ ನಿಜವಾದ "ಆಗಲ್ಲ" ಶುರುವಾಗುತ್ತದೆ, ತಡವಾಗುವ ರೂಪದಲ್ಲಿ. ಹೊರಗಿನಿಂದ ನೋಡಿದವರಿಗೆ ಇದು ಸೋಮಾರಿತನದ ಥರ ಕಾಣುತ್ತದೆ. ಒಪ್ಪದವನು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

ನೇರವಾಗಿ ಇಲ್ಲ ಅನ್ನಲು ಅವರಿಗೂ ಕಷ್ಟ. ನಾವು "ನೋಡೋಣ" ಅನ್ನುತ್ತೇವಲ್ಲ, ಅವರು "ಯೆನ್‌ಜಿಯೂ ಯೆನ್‌ಜಿಯೂ" ಅನ್ನುತ್ತಾರೆ, ಸ್ವಲ್ಪ ಪರಿಶೀಲಿಸೋಣ ಅಂತ. ನೋಡೋಣ ಕೇಳಿ ಬೆಳೆದ ನಮಗೆ ಇದು ಬೇಗ ಅರ್ಥವಾಗುತ್ತದೆ.

ಅವರ ರೀತಿಯೇ ಮೇಲು ಅಂತ ನಾನು ಹೇಳುತ್ತಿಲ್ಲ. ಒಂದು ದಿನ ಇಡೀ ಶಿಫ್ಟ್ ತಪ್ಪು ಬಣ್ಣದಲ್ಲಿ ಮಾಲು ಹೊಡೆದಿದ್ದರು. ಮೆಷಿನ್ ಮುಂದೆ ನಿಂತ ಹುಡುಗನಿಗೆ ಬೆಳಗ್ಗೆಯೇ ಗೊತ್ತಾಗಿತ್ತು. ಯಾಕೆ ಹೇಳಲಿಲ್ಲ ಅಂದರೆ, ಸ್ಯಾಂಪಲ್ ಮೇಲೆ ಮೇಲಿನವರ ಸಹಿ ಇತ್ತು. ನಮ್ಮ ಐಟಿಐ ಟ್ರೈನಿ ಆಗಿದ್ದರೆ ಹತ್ತನೇ ತುಂಡಿಗೇ ಓಡಿ ಬಂದು "ಸಾರ್, ಇದ್ಯಾಕೋ ಬೇರೆ ಥರ ಇದೆ" ಅನ್ನುತ್ತಿದ್ದ. ಆ ಧೈರ್ಯ ನಮ್ಮ ಆಸ್ತಿ, ಅದನ್ನು ಅಶಿಸ್ತು ಎಂದು ಕರೆಯುವ ಮ್ಯಾನೇಜರ್‌ಗಳನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಉಳಿದದ್ದೆಲ್ಲ ನಮ್ಮದೇ ಥರ. ಡಾಂಗ್‌ಗುವಾನ್‌ನಲ್ಲಿ ದುಡಿಯುವವರಲ್ಲಿ ಎಷ್ಟೋ ಜನ ಹುನಾನ್, ಸಿಚುವಾನ್, ಗ್ವಾಂಗ್‌ಶಿ ಕಡೆಯಿಂದ ಬಂದವರು. ಅವರಿಗೂ ಮೊದಲ ಪ್ರಶ್ನೆ "ಯಾವ ಊರು?" ಒಂದೇ ಊರಿನವರಾದರೆ ಲಾವ್‌ಶಿಯಾಂಗ್, ನಮ್ಮೂರವನು, ಆಮೇಲೆ ಅರ್ಧ ಕೆಲಸ ಆದ ಹಾಗೆಯೇ. ಊಟದಲ್ಲಿ ಹಿರಿಯರ ಲೋಟಕ್ಕಿಂತ ನಮ್ಮ ಲೋಟವನ್ನು ಸ್ವಲ್ಪ ಕೆಳಗೆ ಹಿಡಿದು ತಾಗಿಸಬೇಕು. ನಾನು ಕುಡಿಯುವುದಿಲ್ಲ. ಅದಕ್ಕೂ ಅಲ್ಲಿ ದಾರಿ ಇದೆ, ಹೆಂಡದ ಬದಲು ಚಹಾ ಎತ್ತುತ್ತೇನೆ ಎಂದು ಹೇಳುವ ಒಂದು ಮಾತೇ ಇದೆ. ಅದನ್ನು ಕಲಿತು ಹೇಳಿದ ದಿನ ಇಡೀ ಮೇಜು ಎದ್ದು ನಿಂತಿತು.

2025ರ ಅಕ್ಟೋಬರ್‌ನಲ್ಲಿ ಎರಡು ದೇಶಗಳ ನಡುವೆ ನೇರ ವಿಮಾನ ಮತ್ತೆ ಶುರುವಾದ ಮೇಲೆ ಹೋಗಿ ಬರುವವರು ಮತ್ತೆ ಫೋನ್ ಮಾಡುತ್ತಿದ್ದಾರೆ. ನನ್ನ ಚಿಕ್ಕಪ್ಪನ ಮಗನೂ ಅದೇ ಕೆಲಸಕ್ಕೆ ಮುಂದಿನ ತಿಂಗಳು ಡಾಂಗ್‌ಗುವಾನ್‌ಗೆ ಹೊರಟಿದ್ದಾನೆ. ಮೀಟಿಂಗ್ ಬುಧವಾರ ಅಂದರೆ ಮಂಗಳವಾರ ಸಂಜೆಯೇ ಫ್ಯಾಕ್ಟರಿಗೆ ಹೋಗು ಎಂದಿದ್ದೇನೆ. ಶಿಫುಗೆ ಕೊಡಲು ಅವನ ಬ್ಯಾಗಿನಲ್ಲಿ ಎರಡು ಬಾಕ್ಸ್ ಮೈಸೂರು ಸ್ಯಾಂಡಲ್ ಸೋಪು ಇಟ್ಟಿದ್ದೇನೆ.